ನಾಲ್ಕು ದಶಮಾಂಶದ ಬಾಲ

ಎನ್‌ಎಂಆರ್ ಯಂತ್ರದಲ್ಲಿ (ಅಣುಗಳನ್ನು ಆಯಸ್ಕಾಂತದಲ್ಲಿಟ್ಟು ಅವುಗಳ ರೇಡಿಯೋ ಸಿಗ್ನಲ್ ಹಿಡಿಯುವ ಯಂತ್ರ) ಅಳೆದ ಬೆಂಜೀನ್ ಉಂಗುರದ ಕಾರ್ಬನ್–ಹೈಡ್ರೋಜನ್ ಕಪ್ಲಿಂಗ್, ಅಂದರೆ ಒಂದರ ಗೆರೆಯನ್ನು ಇನ್ನೊಂದು ಸೀಳುವ ಅಂತರ, 160.3742 ಹರ್ಟ್ಸ್ ಅಂತೆ. ತಿದ್ದಲು ಬರುವ ಟೇಬಲ್‌ಗಳಲ್ಲಿ ಈ ಬಾಲ ಇರಲೇಬೇಕು. ಕೊನೆಯ ಆ 2 ಎಲ್ಲಿಂದ ಬಂತು ಸ್ವಾಮಿ? ಪೀಕ್ ಪಿಕಿಂಗ್ (ಶಿಖರಗಳ ಜಾಗವನ್ನು ತಾನೇ ಗುರುತಿಸುವ ಗುಂಡಿ) ಒತ್ತಿದಾಗ ಸಾಫ್ಟ್‌ವೇರ್ ಉದುರಿಸಿದ್ದು, ಆರಿಸಿಕೊಂಡು ಅಂಟಿಸಿದ್ದು.

ಲೆಕ್ಕ ಹಾಕೋಣ. 400 ಮೆಗಾಹರ್ಟ್ಸ್ ಯಂತ್ರದಲ್ಲಿ ಕಾರ್ಬನ್ ಸುಮಾರು 100ರಲ್ಲಿ ಹಾಡುತ್ತದೆ. ಸ್ಪೆಕ್ಟ್ರಮ್ಮಿನ 240 ಪಿಪಿಎಂ (ಹತ್ತು ಲಕ್ಷಕ್ಕೆ 240 ಪಾಲು) ಅಗಲ ಅಂದರೆ 24,000 ಹರ್ಟ್ಸ್. 64 ಕೆ (65,536) ಪಾಯಿಂಟ್ ಇಟ್ಟರೆ, ಪ್ರತಿ ಹರ್ಟ್ಸ್ ಅಗಲಕ್ಕೆ ಸೆಕೆಂಡಿಗೆ ಎರಡು ಪಾಯಿಂಟಿನಂತೆ, ಸಿಗ್ನಲ್ ಹಿಡಿಯುವ ಹೊತ್ತು 1.37 ಸೆಕೆಂಡ್. ಅದರ ವಿಲೋಮ 0.73 ಹರ್ಟ್ಸ್, ವಿವರ ಕಾಣುವ ಮಿತಿ ಸುಮಾರು ಅಷ್ಟೇ. ಸಾಲದ್ದಕ್ಕೆ 1 ಹರ್ಟ್ಸ್ ಲೈನ್ ಬ್ರಾಡನಿಂಗ್ (ಗದ್ದಲ ಅಡಗಿಸಲು ಗೆರೆಯನ್ನು ದಪ್ಪ ಮಾಡುವುದು) ಬೇರೆ ಬಳಿದಿರುತ್ತಾರೆ. ಝೀರೋ ಫಿಲ್ಲಿಂಗ್ (ಡೇಟಾದ ಕೊನೆಗೆ ಸೊನ್ನೆಗಳನ್ನು ಸೇರಿಸುವುದು) ಒಮ್ಮೆ ಮಾಡಿದರೆ ಒಳ್ಳೆಯದೇ, ಎಂಟು ಪಟ್ಟು ಮಾಡಿದರೆ ಚಿಕ್ಕ ಫೋಟೋ ಹಿಗ್ಗಿಸಿದ ಹಾಗೆ: ಮುಖ ದೊಡ್ಡದಾಗುತ್ತದೆ, ಹೊಸ ಮಚ್ಚೆ ಕಾಣುವುದಿಲ್ಲ. ಸಿಗ್ನಲ್ ಗಟ್ಟಿಯಾಗಿದ್ದು ಗೆರೆಯ ಆಕಾರವನ್ನು ಫಿಟ್ ಮಾಡಿದ್ದರೆ ಒಂದು ದಶಮಾಂಶಕ್ಕೆ ತಕರಾರಿಲ್ಲ. ಉಳಿದ ಮೂರಕ್ಕೆ ಯಾರು ಜಾಮೀನು?

ಇನ್ನೊಂದು ಕುಚೇಷ್ಟೆಯಿದೆ. ಡಬ್ಲೆಟ್‌ನ (ಕಪ್ಲಿಂಗ್‌ನಿಂದ ಎರಡಾಗಿ ಸೀಳಿದ ಗೆರೆ) ಎರಡು ತುದಿಗಳೂ ಒಂಟಿ ಗೆರೆಗಳಲ್ಲ. ಮೂರು ಬಾಂಡ್ ದೂರದ ಹೈಡ್ರೋಜನ್ 7–8 ಹರ್ಟ್ಸ್‌ನಷ್ಟು ಮತ್ತೆ ಸೀಳಿರುತ್ತದೆ. ಸಾಫ್ಟ್‌ವೇರಿಗೆ ಎತ್ತರದ ಹಲ್ಲೇ ದೇವರು. ಎಡಗಡೆ ಒಂದು ಹಲ್ಲು, ಬಲಗಡೆ ಮತ್ತೊಂದು ಹಿಡಿದು ವ್ಯತ್ಯಾಸ ಕೊಡುತ್ತದೆ. ತಪ್ಪಿರುವುದು ಹರ್ಟ್ಸ್‌ಗಟ್ಟಲೆ, ನಾಲ್ಕು ದಶಮಾಂಶ ಮಾತ್ರ ಅಚ್ಚುಕಟ್ಟು! ಹಿಂದೆ ಚಾರ್ಟ್ ಕಾಗದದ ಮೇಲೆ ಸ್ಕೇಲಿಟ್ಟು ಅಳೆಯುತ್ತಿದ್ದವರಿಗೆ ಪೆನ್ನಿನ ಗೆರೆಯೇ ಎಷ್ಟು ದಪ್ಪ ಅಂತ ಕಣ್ಣಿಗೆ ಕಾಣುತ್ತಿತ್ತು. ಆ ಸಂಕೋಚ ಚಾರ್ಟ್ ಕಾಗದದ ಜೊತೆಗೇ ಹೋಯಿತು.

ಡಿಕಪ್ಲರ್ (ಹೈಡ್ರೋಜನ್‌ಗೆ ರೇಡಿಯೋ ಅಲೆ ಹಾಯಿಸಿ ಕಪ್ಲಿಂಗ್ ಅಳಿಸುವ ಭಾಗ) ವಿಷಯ ಚುಟುಕಾಗಿ: ಕಾಯುವ ಹೊತ್ತಿನಲ್ಲಿ ಆನ್, ಸಿಗ್ನಲ್ ಹಿಡಿಯುವಾಗ ಆಫ್. ಹೀಗಾದರೆ ಎನ್‌ಒಇಯ (ಹೈಡ್ರೋಜನ್ ಕಲಕಿದಾಗ ಕಾರ್ಬನ್ ಸಿಗ್ನಲ್ ಹೆಚ್ಚುವುದು) ಲಾಭವೂ ಉಳಿಯುತ್ತದೆ, ಕಪ್ಲಿಂಗೂ ಉಳಿಯುತ್ತದೆ. ಡಿಕಪ್ಲರ್ ಸದಾ ಆನ್ ಇರುವ ಮಾಮೂಲಿ ಪ್ರೋಗ್ರಾಮನ್ನೇ ರಾತ್ರಿಯಿಡೀ ಓಡಿಸಿದರೆ ಬೆಳಗ್ಗೆ ಸಿಗುವುದು ಚೆಂದದ ಒಂಟಿ ಗೆರೆಗಳು, ಅಳೆಯಲು ಏನೂ ಇಲ್ಲ.

ಇಷ್ಟು ಕಷ್ಟ ಬೇಡವೆಂದರೆ ಪ್ರೋಟಾನ್ (ಹೈಡ್ರೋಜನ್) ಸ್ಪೆಕ್ಟ್ರಮ್ಮಿನ ಸ್ಯಾಟಲೈಟ್‌ಗಳೇ ಇವೆ. ಹೈಡ್ರೋಜನ್ ಗೆರೆಯನ್ನು ಸೀಳುವ ಐಸೋಟೋಪ್ ಕಾರ್ಬನ್-13 ಪ್ರಕೃತಿಯಲ್ಲಿರುವುದು 1.1 ಶೇಕಡಾ, ಹಾಗಾಗಿ ಮುಖ್ಯ ಪೀಕಿನ ಎರಡೂ ಕಡೆ ಅರ್ಧರ್ಧ ಶೇಕಡಾದ ಮರಿಗಳು. ಕ್ಲೋರೋಫಾರ್ಮಿನಲ್ಲಿ ಅವುಗಳ ನಡುವೆ ಸುಮಾರು 209 ಹರ್ಟ್ಸ್. ಇವನ್ನೇ ಕಲ್ಮಶವೆಂದು ತಿಳಿದು ಸ್ಯಾಂಪಲನ್ನು ಮತ್ತೆ ಶುದ್ಧಿ ಮಾಡುವ ಸಿಲಿಕಾ ಕಾಲಮ್ಮಿಗೆ ಹಾಕುವವರೂ ಇದ್ದಾರೆ. ಪಾಪ, ಸಿಲಿಕಾ ಐಸೋಟೋಪ್ ಬೇರ್ಪಡಿಸಬೇಕು! ಅನುಮಾನವಿದ್ದರೆ ಟ್ಯೂಬ್ ತಿರುಗುವ ವೇಗ ಬದಲಿಸಿ: ಜಾಗ ಬಿಟ್ಟು ಸರಿದದ್ದು ಸ್ಪಿನ್ನಿಂಗ್ ಸೈಡ್‌ಬ್ಯಾಂಡ್, ಕದಲದೆ ನಿಂತು ಕಾರ್ಬನ್ ಡಿಕಪ್ಲ್ ಮಾಡಿದಾಗ ಮಾಯವಾದದ್ದು ಸ್ಯಾಟಲೈಟ್. ಎರಡಕ್ಕೂ ಜಗ್ಗದೆ ಕೂತಿದ್ದರೆ ಆಗ ಕಾಲಮ್ ಹಾಕಿ.