ಪುರುಸೊತ್ತಿದ್ದವರ ಕೆಲಸವಂತೆ

ಭಾನುವಾರದಿಂದ ಒಂದು ಮಾತು ಒಳಗೇ ಕೊರೆಯುತ್ತಿದೆ. ಬರೆದು ಇಳಿಸಿಕೊಳ್ಳದಿದ್ದರೆ ನಿದ್ದೆ ಬರುವುದಿಲ್ಲ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ಭಾನುವಾರ ಊರಿನಲ್ಲಿ ನಮ್ಮ ಭಾವನವರ ಮಗಳ ಸೀಮಂತ ಇತ್ತು. ತೀರ್ಥಹಳ್ಳಿ ಹತ್ತಿರದ ಆ ಮನೆಯನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಹಸೆ ಮೇಲೆ ಕೂತ ಹುಡುಗಿಗೆ ಬಳೆ ತೊಡಿಸುವ ಹೊತ್ತಿಗೆ ನಾವು ಐದಾರು ಜನ ಹೆಂಗಸರು ಸೇರಿ ನಾನು ಬರೆದ ಹಾಡು ಹೇಳಿದೆವು. ಮುಗಿಯುವಾಗ ಹುಡುಗಿ ಅಳುತ್ತಿದ್ದಳು. ನನ್ನ ವಾರಗಿತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮನಸ್ಸು ತುಂಬಿ ಬಂದಿತ್ತು ನನಗೆ.

ಊಟಕ್ಕೆ ಕೂತಾಗ ಪಕ್ಕದ ಎಲೆಯಲ್ಲಿದ್ದ ನೆಂಟರೊಬ್ಬರು ಹೇಳಿದರು: "ಹಾಡು ಚೆನ್ನಾಗಿತ್ತು ಕಣೇ. ಪುರುಸೊತ್ತಿದ್ದವರಿಗೆ ಇದೆಲ್ಲ ಚೆಂದ. ನಮಗೆ ಮನೆ, ತೋಟ, ದನ ಅಂತ ತಲೆ ಬಾಚಿಕೊಳ್ಳೋಕೂ ಟೈಮಿಲ್ಲ."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದು ನನಗೆ ಗೊತ್ತು. ಅದಕ್ಕೇ ಜಾಸ್ತಿ ನೋವಾಯಿತು. ಪಾಯಸ ಬಡಿಸಿದರು, ತಿಂದೆ, ರುಚಿ ಗೊತ್ತಾಗಲಿಲ್ಲ.

ಪುರುಸೊತ್ತು. ಯಾವ ಪುರುಸೊತ್ತು? ನನ್ನ ದಿನ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ 4:45ಕ್ಕೆ ಏಳುತ್ತೇನೆ. ತಿಂಡಿ, ನಾಲ್ಕು ಡಬ್ಬಿ, ಅತ್ತೆಯ ಮಾತ್ರೆ, ಮಗನ ಹೋಮ್‌ವರ್ಕ್‌ಗೆ ಸಹಿ. 8:10ಕ್ಕೆ ಶಿವಮೊಗ್ಗದಿಂದ ಭದ್ರಾವತಿ ಬಸ್ಸು. ಹತ್ತರಿಂದ ಸಂಜೆಯವರೆಗೆ ಸೊಸೈಟಿಯ ಲೆಕ್ಕ. ಮನೆ ಸೇರುವಾಗ ಏಳು. ಮತ್ತೆ ಕುಕ್ಕರ್. ಮಾರ್ಚ್ ತಿಂಗಳಲ್ಲಂತೂ 31ನೇ ತಾರೀಖು ದಾಟುವವರೆಗೆ ಒಂದು ಸಾಲೂ ಹುಟ್ಟುವುದಿಲ್ಲ. ಲೆಡ್ಜರ್ ತಾಳೆಯಾಗದೆ ಹನ್ನೆರಡು ರೂಪಾಯಿ ಹುಡುಕುತ್ತಾ ಕೂತವಳ ತಲೆಗೆ ಯಾವ ಪದವೂ ಹತ್ತಿರ ಬರುವುದಿಲ್ಲ. ಇಪ್ಪತ್ತು ವರ್ಷದಿಂದ ಹಾಡು ಬರೆಯುತ್ತಿದ್ದೇನೆ. ಪುರುಸೊತ್ತು ಸಿಕ್ಕಿತು ಅಂತ ಒಂದು ಹಾಡನ್ನೂ ಬರೆದಿಲ್ಲ. ಇಲ್ಲದ ಹೊತ್ತನ್ನು ಎಲ್ಲಿಂದಲೋ ಕಿತ್ತು ತಂದು ಬರೆದಿದ್ದೇನೆ. ಹೆಚ್ಚಿನ ಸಲ ನನ್ನ ನಿದ್ದೆಯಿಂದಲೇ ಕಿತ್ತದ್ದು.

ಆ ಸೀಮಂತದ ಹಾಡಿಗೆ ಹನ್ನೊಂದು ದಿನ ಹಿಡಿಯಿತು. ಇದ್ದದ್ದು ಹನ್ನೆರಡು ಸಾಲು. ಹೇಗೆ ಅಂತ ಹೇಳಲೇಬೇಕು, ಯಾಕೆಂದರೆ ಯಾರೂ ಕೇಳುವುದಿಲ್ಲ.

ಸೀಮಂತ ಅಂದ ಕೂಡಲೇ ಯಾರಿಗಾದರೂ ಹೊಳೆಯುವುದು ಬಸಿರು, ಹಸಿರು, ಉಸಿರು. ನನಗೂ ಮೊದಲ ದಿನ ಹೊಳೆದದ್ದು ಅದೇ. ಹತ್ತು ಸೆಕೆಂಡಿನಲ್ಲಿ ನಾಲ್ಕು ಸಾಲು ಆಗಿಹೋಯಿತು. "ಐದು ನಿಮಿಷದ ಕೆಲಸ, ಬರೆದುಕೊಡು" ಅಂತ ಕೇಳುವವರಿಗೆ ಅಷ್ಟು ಸಾಕು. ಆದರೆ ಅದು ಯಾವ ಹುಡುಗಿಯ ಸೀಮಂತಕ್ಕೂ ಹೊಂದುವ ಹಾಡು. ಈ ಹುಡುಗಿಯದ್ದಲ್ಲ. ಹಾಳೆ ಹರಿದೆ.

ನಾನು ಮದುವೆಯಾಗಿ ಆ ಮನೆಗೆ ಹೋದಾಗ ಅವಳಿಗೆ ಆರು ವರ್ಷ. ಜುಲೈ ಮಳೆ, ಎರಡೆರಡು ದಿನ ಕರೆಂಟಿಲ್ಲ, ಗುಡುಗಿಗೆ ಹೆದರಿ ನನ್ನ ಪಕ್ಕ ಬಂದು ಮಲಗುತ್ತಿದ್ದಳು. ಕತ್ತಲಲ್ಲಿ ನಾನು ಎದ್ದು ಹೋಗಿಬಿಡುತ್ತೇನೆ ಅಂತ ನನ್ನ ಕೈಬಳೆ ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದಳು. ಹೊರಳಿದರೆ ಬಳೆ ಸದ್ದಾಗಿ ಅವಳಿಗೆ ಎಚ್ಚರ. ಇದು ಒಂಬತ್ತನೇ ದಿನ, ಸಾರಿಗೆ ಒಗ್ಗರಣೆ ಹಾಕುವಾಗ ನೆನಪಾಯಿತು. ಸಾಲು ಬಂತು:

ಬಳೆ ಹಿಡಿದು ಮಲಗಿದ್ದೆ ಅಂದು ನೀನು
ಬಳೆ ತೊಡಿಸಲು ಬಂದಿರುವೆ ಇಂದು ನಾನು

ಮೊದಲ ಸಾಲು ಐದೈದು ಮಾತ್ರೆಯಲ್ಲಿ ಸರಾಗವಾಗಿ ನಡೆಯುತ್ತದೆ. ಹಾಡಿನಲ್ಲಿ ಮಾತ್ರೆ ಅಂದರೆ ಒಂದು ಚಿಕ್ಕ ಅಕ್ಷರ ಹೇಳಲು ಹಿಡಿಯುವ ಹೊತ್ತು. ಬಳೆ ಹಿಡಿದು, ಐದು. ಮಲಗಿದ್ದೆ, ಐದು. ಎರಡನೇ ಸಾಲು "ಬಳೆ ತೊಡಿಸಲು" ಅನ್ನುವಲ್ಲಿ ಆರು ಆಗಿ ಎಡವುತ್ತದೆ. ಒಂದೇ ಒಂದು ಮಾತ್ರೆ ಜಾಸ್ತಿ. ಬಾಯಲ್ಲಿ ಹೇಳಿದರೆ ಗೊತ್ತಾಗುವುದಿಲ್ಲ, ಹಾಡಿದರೆ ಕಾಲಿಗೆ ಕಲ್ಲು ತಾಗಿದ ಹಾಗೆ. ಆ ಒಂದು ಮಾತ್ರೆ ತೆಗೆಯಲು ಎರಡು ದಿನ ಬೇಕಾಯಿತು. ಬಸ್ಸಿನಲ್ಲಿ ತೊಡೆ ಮೇಲೆ ಬೆರಳು ತಟ್ಟುತ್ತಾ ಹೋದೆ, ಬಂದೆ. "ತೊಡಿಸೋಕೆ" ಹಾಕಿದೆ, ಇನ್ನೂ ಉದ್ದವಾಯಿತು. "ಇಡಲು" ಹಾಕಿದೆ, ಅಳತೆಗೆ ಕೂತಿತು, ಆದರೆ ಬಳೆ ಇಡುವುದು ಬೇರೆ, ತೊಡಿಸುವುದು ಬೇರೆ ಅಲ್ವಾ? ಕೊನೆಗೆ ಹಳೇ ಹಾಡುಗಳಲ್ಲಿ ಬರುವ "ತೊಡಿಸೆ" ಸಿಕ್ಕಿತು. ಬಳೆ ತೊಡಿಸೆ ಬಂದಿರುವೆ ಇಂದು ನಾನು. ಸರಿಯಾಗಿ ಕೂತಾಗ ಬಿಳಕಿ ಕ್ರಾಸ್ ದಾಟಿತ್ತೋ ಏನೋ, ಕಣ್ಣಲ್ಲಿ ನೀರು. ಪಕ್ಕದಲ್ಲಿದ್ದ ಹೆಂಗಸು "ಏನಾಯ್ತಕ್ಕಾ?" ಅಂದರು. ಏನಂತ ಹೇಳಲಿ?

ಹುಡುಗಿ ಅತ್ತದ್ದು ಆ ಸಾಲಿಗೇ.

ಇದಕ್ಕೆ ಬೇಕಾದ ಹೊತ್ತನ್ನು ಪುರುಸೊತ್ತು ಅಂದುಬಿಟ್ಟರೆ ಹೇಗೆ ತಡೆದುಕೊಳ್ಳಲಿ? ಬರೆಯುವ ಹೊತ್ತು ಎಲ್ಲ ಸೇರಿದರೂ ಒಂದು ಗಂಟೆ ಆಗಲಿಕ್ಕಿಲ್ಲ. ಬೇಕಾದದ್ದು ಅದರ ಸುತ್ತಲಿನ ಹೊತ್ತು. ಸುಮ್ನೆ ಕೂರುವ ಹೊತ್ತು. ಗೋಡೆ ನೋಡುವ ಹೊತ್ತು. ನಮ್ಮ ಮನೆಗಳಲ್ಲಿ ಒಬ್ಬ ಹೆಂಗಸು ಬಟ್ಟೆ ಮಡಚದೆ, ಸೊಪ್ಪು ಬಿಡಿಸದೆ, ಟಿವಿಯನ್ನೂ ನೋಡದೆ ಕೂತಿದ್ದರೆ ಅದನ್ನು ನೋಡುವವರಿಗೆ ಆಗುವುದಿಲ್ಲ. ಹುಷಾರಿಲ್ವಾ ಅಂತ ಕೇಳುತ್ತಾರೆ. ಇಲ್ಲಾ, ಹೇಗೂ ಸುಮ್ನೆ ಕೂತಿದೀಯಲ್ಲ, ಒಂಚೂರು ಕಾಯಿ ತುರಿದುಕೊಡು ಅನ್ನುತ್ತಾರೆ. ಟಿವಿ ಮುಂದೆ ಎರಡು ಗಂಟೆ ಕೂತರೆ ಯಾರೂ ಪುರುಸೊತ್ತಿನ ಮಾತೆತ್ತುವುದಿಲ್ಲ.

ನಾನು ಹೀಗೆ ಹೇಳಿದಾಗಲೆಲ್ಲ ಒಂದು ಉತ್ತರ ಬರುತ್ತದೆ. ಹಿಂದಿನ ಹೆಂಗಸರು ಬೀಸುತ್ತಾ, ಕುಟ್ಟುತ್ತಾ ಹಾಡು ಕಟ್ಟಲಿಲ್ವಾ? ಅವರಿಗೇನು ಬೇರೆ ಸಮಯ ಕೊಟ್ಟಿದ್ದರಾ?

ಇದರ ಬಗ್ಗೆ ತುಂಬಾ ಯೋಚಿಸಿದ್ದೇನೆ. ನಮ್ಮಜ್ಜಿ ಒನಕೆ ಹಿಡಿದು ಹಾಡುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಬೀಸುಕಲ್ಲಿನ ಎದುರುಬದುರು ಇಬ್ಬರು ಕೂರುತ್ತಿದ್ದರು. ಒಬ್ಬರು ಎತ್ತಿಕೊಟ್ಟರೆ ಇನ್ನೊಬ್ಬರು ಸೇರಿಸುತ್ತಿದ್ದರು. ಕಲ್ಲಿನ ಸುತ್ತೇ ತಾಳ. ಆ ಕೆಲಸ ಕೇಳುತ್ತಿದ್ದದ್ದು ಕೈಯನ್ನು, ರಟ್ಟೆಯನ್ನು. ಮನಸ್ಸನ್ನಲ್ಲ. ಗಂಟೆಗಟ್ಟಲೆ ಮನಸ್ಸು ಅವರದ್ದೇ ಆಗಿತ್ತು. ಇನ್ನೊಂದು ವಿಷಯ, ಕೈಯಲ್ಲಿ ಬೀಸುಕಲ್ಲಿನ ಗೂಟ ಇರುವವಳಿಗೆ "ಸುಮ್ನೆ ಕೂತಿದೀಯಲ್ಲ" ಅಂತ ಯಾರೂ ಹೇಳುವ ಹಾಗಿರಲಿಲ್ಲ. ಕೆಲಸದ ಮರೆಯಲ್ಲಿ ಹಾಡು ಬೆಳೆಯಿತು.

ಈಗ ಮಿಕ್ಸಿ ಎರಡು ನಿಮಿಷದಲ್ಲಿ ಮುಗಿಸುತ್ತದೆ, ಅದರ ಸದ್ದಿನಲ್ಲಿ ಹಾಡಲು ಆಗುವುದಿಲ್ಲ. ಉಳಿದ ಹೊತ್ತು ನನ್ನ ಕೈಗೆ ಬರಲೇ ಇಲ್ಲ. ಅದನ್ನು ಶಾಲೆಯ ವಾಟ್ಸಾಪ್ ಗ್ರೂಪು ತೆಗೆದುಕೊಂಡಿತು, ಗ್ಯಾಸಿನ ಒಟಿಪಿ ತೆಗೆದುಕೊಂಡಿತು, ಆಫೀಸಿನ ಕೆಲಸ ಮನೆಗೇ ಬಂದು ತೆಗೆದುಕೊಂಡಿತು. ಇವೆಲ್ಲ ಕೈ ಕೇಳುವ ಕೆಲಸ ಅಲ್ಲ, ಮನಸ್ಸನ್ನೇ ಕೇಳುವ ಕೆಲಸ. ಅಜ್ಜಿಗೆ ಮೈ ದಣಿಯುತ್ತಿತ್ತು, ನನಗೆ ತಲೆ ದಣಿಯುತ್ತದೆ. ಅಜ್ಜಿಯ ಕಷ್ಟ ಕಡಿಮೆ ಅಂತ ಖಂಡಿತ ಹೇಳುತ್ತಿಲ್ಲ. ಆದರೆ ಅವರನ್ನು ತೋರಿಸಿ ನನ್ನ ಬಾಯಿ ಮುಚ್ಚಿಸಬೇಡಿ. ಹಲಸಂಗಿ ಗೆಳೆಯರು ಅನ್ನುವ ಸಾಹಿತಿಗಳ ಬಳಗದವರು ಅಂಥ ಹಾಡುಗಳನ್ನು ಕಲೆಹಾಕಿ 1931ರಲ್ಲಿ "ಗರತಿಯ ಹಾಡು" ಅಂತ ಪುಸ್ತಕ ತಂದರು. ಎಂಥ ಪುಣ್ಯದ ಕೆಲಸ! ಕೂಡಿಸಿದವರ ಹೆಸರು ನಮಗೆ ಗೊತ್ತು. ಕಟ್ಟಿದ ಹೆಂಗಸರ ಹೆಸರು ಗೊತ್ತಿಲ್ಲ. ಅವರಿಗೂ ಯಾರೋ ಪುರುಸೊತ್ತಿದ್ದವರು ಅಂದಿದ್ದರೇನೋ.

ಇನ್ನು ಕೆಲವರು ದೊಡ್ಡವರ ಹೆಸರು ಹೇಳುತ್ತಾರೆ. ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಗುಮಾಸ್ತರಾಗಿದ್ದೇ ಬರೆದರು. ನಿಸಾರ್ ಅಹಮದ್ ಭೂವಿಜ್ಞಾನ ಪಾಠ ಮಾಡುತ್ತಲೇ ಬರೆದರು. ಜಯಂತ ಕಾಯ್ಕಿಣಿ ಮುಂಬೈಯಲ್ಲಿ ಕೆಮಿಸ್ಟ್ ಆಗಿದ್ದರು. ನಮ್ಮೂರಿನ ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದೂ ಹಾಡಿ ರಾಷ್ಟ್ರಪ್ರಶಸ್ತಿ ತಂದರು. ಎಲ್ಲವೂ ನಿಜ. ಇವರ ಪದ್ಯ, ಇವರ ದನಿ ಕೇಳಿಯೇ ನಾನು ಬರೆಯಲು ಕಲಿತವಳು, ಕೈಮುಗಿಯುತ್ತೇನೆ. ಆದರೆ ನೋಡಿ, ನನಗೆ ಈ ಪಟ್ಟಿ ಹೇಳುವವರು ಒಂದು ಸಲವೂ ಅದರಲ್ಲಿ ಒಬ್ಬ ಹೆಂಗಸಿನ ಹೆಸರು ಸೇರಿಸಿಲ್ಲ. ಯಾಕೆ ಅಂತ ಒಮ್ಮೆ ಯೋಚಿಸಿ.

ಕಾನೂನೂ ಹಾಡು ಬರೆಯುವುದನ್ನು ಕೆಲಸ ಅಂತ ಒಪ್ಪಿದೆ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿ, ಹಾಡು ಬರೆದವರಿಗೆ ರಾಯಲ್ಟಿ ಸಿಗುವ ಹಕ್ಕನ್ನು ಗಟ್ಟಿ ಮಾಡಿದರು. ನನಗೆ ಆ ದುಡ್ಡೇನೂ ಬರುವುದಿಲ್ಲ, ಬೇಕು ಅಂತಲೂ ಇಲ್ಲಿ ಕೇಳುತ್ತಿಲ್ಲ. ನನ್ನ ಹಾಡು ಹಾಡುವವರು ನಮ್ಮ ಬೀದಿಯ ಸಂಗೀತ ಶಾಲೆಯ ಮಕ್ಕಳು, ರಾಜ್ಯೋತ್ಸವಕ್ಕೆ ಸೇರುವ ಹೆಂಗಸರು. ನನಗೆ ಬೇಕಾದದ್ದು, ಅದು ಕೆಲಸ ಅನ್ನುವ ಒಂದು ಮಾತು. ಅಷ್ಟೇ.

ಈಗ ಒಂದು ತಪ್ಪು ಒಪ್ಪಿಕೊಳ್ಳಬೇಕು. ಇದನ್ನು ಹೇಳದೆ ಮೇಲಿನದ್ದೆಲ್ಲ ಹೇಳುವ ಹಕ್ಕು ನನಗಿಲ್ಲ.

ಹೋದ ತಿಂಗಳು ಮಗಳಿಗೆ ಪರೀಕ್ಷೆ ಇತ್ತು. ಒಂಬತ್ತನೇ ಕ್ಲಾಸು. ಆಫೀಸಿನಿಂದ ದಣಿದು ಬಂದೆ. ಅವಳು ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಪುಸ್ತಕ ಮುಚ್ಚಿತ್ತು. ನಾನು ಬ್ಯಾಗು ಕೂಡ ಇಳಿಸಿರಲಿಲ್ಲ, "ಏನೇ, ಸುಮ್ನೆ ಕೂತಿದೀಯಲ್ಲ? ಪುರುಸೊತ್ತು ಜಾಸ್ತಿ ಆಯ್ತಾ?" ಅಂದೆ. ಅವಳು ಏನೂ ಹೇಳದೆ ಎದ್ದು ಹೋದಳು. ಎರಡು ದಿನ ಬಿಟ್ಟು ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಒಂದು ಹಾಳೆ ಸಿಕ್ಕಿತು. ಎದುರು ಮನೆ ಕಾಂಪೌಂಡಿನ ಮೇಲೆ ಒದ್ದೆಯಾಗಿ ಕೂತ ಕಾಗೆಯ ಬಗ್ಗೆ ನಾಲ್ಕು ಸಾಲು. ನಾಲ್ಕನೇ ಸಾಲು ಅರ್ಧಕ್ಕೆ ನಿಂತಿತ್ತು.

ಆ ಅರ್ಧ ಸಾಲು ನಾನು ಬಾಗಿಲು ತೆಗೆದ ಹೊತ್ತಿಗೆ ನಿಂತದ್ದು. ನನ್ನ ಎಷ್ಟೋ ಸಾಲುಗಳನ್ನು ಬೇರೆಯವರು ಹೀಗೇ ನಿಲ್ಲಿಸಿದ್ದಾರೆ. ಅದೇ ಮಾತಿನಿಂದ, ಅದೇ ದನಿಯಲ್ಲಿ. ಹಾಸಿಗೆ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಅವಳ ಹತ್ತಿರ ಹೋಗಿ ತಪ್ಪಾಯ್ತು ಅಂದೆ. "ಪರವಾಗಿಲ್ಲ ಅಮ್ಮಾ" ಅಂದಳು. ಆ ಸಾಲು ಏನಾಗಬೇಕಿತ್ತು ಅಂತ ಕೇಳಿದೆ. "ಮರೆತುಹೋಯ್ತು" ಅಂದಳು.

ಈ ಭಾನುವಾರ ಊರಿಂದ ವಾಪಸ್ ಬರುವಾಗ ದಾರಿಯಲ್ಲೇ ಮನೆಯವರಿಗೆ ಎಲ್ಲ ಹೇಳಿದೆ. ಊಟದ ಎಲೆಯ ಮಾತನ್ನೂ ಹೇಳಿದೆ. ಅವರು ಸಮಾಧಾನ ಏನೂ ಹೇಳಲಿಲ್ಲ. "ದಿನಕ್ಕೆ ಎಷ್ಟು ಹೊತ್ತು ಬೇಕು ಹೇಳು" ಅಂದರು. ಇಪ್ಪತ್ತು ವರ್ಷದಲ್ಲಿ ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಉತ್ತರ ತಕ್ಷಣ ಬರಲಿಲ್ಲ ನನಗೆ. ಮಂಡಗದ್ದೆ ದಾಟಿದ ಮೇಲೆ, ಒಂದು ಗಳಿಗೆ ಅಂದೆ. ಅಜ್ಜಿಯ ಲೆಕ್ಕದಲ್ಲಿ ಒಂದು ಗಳಿಗೆ ಅಂದರೆ 24 ನಿಮಿಷ. ಜಾಸ್ತಿ ಕೇಳಲಿಲ್ಲ.

ಸೋಮವಾರದಿಂದ ರಾತ್ರಿ ಊಟ ಆದ ಮೇಲೆ ಪಾತ್ರೆ ಅವರದ್ದು. ಅತ್ತೆಗೂ ಹೇಳಿದ್ದೇವೆ. ಅವರಿಗೆ ಪೂರ್ತಿ ಒಪ್ಪಿಗೆ ಇದೆಯೋ ಇಲ್ಲವೋ, ಟಿವಿ ಸದ್ದನ್ನಂತೂ ಕಡಿಮೆ ಮಾಡುತ್ತಾರೆ. ಮಗ ಎರಡು ಸಲ ಬಂದು "ಅಮ್ಮಾ, ರಬ್ಬರ್ ಎಲ್ಲಿ" ಅಂದ. ಎರಡೂ ಸಲ ಅಕ್ಕನೇ ಎದ್ದು ಹುಡುಕಿಕೊಟ್ಟಳು.

ಸಂಗೀತದ ಮೇಷ್ಟ್ರು ಹನ್ನೆರಡು ದಿನದ ಹಿಂದೆ ಕಳಿಸಿದ ಟ್ಯೂನು ಇನ್ನೂ ಫೋನಿನಲ್ಲಿದೆ. ಪಲ್ಲವಿ ಕೂತಿದೆ. ಚರಣದ ಎರಡನೇ ಸಾಲಿನ ಕೊನೆಗೆ ಅವರು ದನಿ ಎಳೆದು ನಿಲ್ಲಿಸುತ್ತಾರೆ, ಅಲ್ಲಿಗೆ ಆಕಾರದಲ್ಲಿ ಮುಗಿಯುವ ಪದ ಬೇಕು. ನನ್ನ ಹತ್ತಿರ ಇರುವುದೆಲ್ಲ ಇಕಾರದಲ್ಲಿ ಮುಗಿಯುತ್ತಿದೆ.

ಒಂಬತ್ತು ಗಂಟೆ ಆಗ್ತಾ ಬಂತು. ಒಳಗೆ ಪಾತ್ರೆಯ ಸದ್ದು ಶುರುವಾಗಿದೆ. ಫೋನ್ ಇಡುತ್ತೇನೆ. ಮಗಳು ಆಗಲೇ ಕಿಟಕಿ ಪಕ್ಕ ಕೂತು ನನಗೂ ಜಾಗ ಬಿಟ್ಟಿದ್ದಾಳೆ.