ಬಿಎಫ್‌ಸಿಯ 17 ಪಾಯಿಂಟು, ನಮ್ಮ ಮನೆ ಮಾಲೀಕರ ತಕರಾರು

2024ರ ಸೆಪ್ಟೆಂಬರ್ 28, ಶನಿವಾರ ರಾತ್ರಿ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ, ಅಂದರೆ ಬಿಎಫ್‌ಸಿ, ಕಂಠೀರವದಲ್ಲಿ 3-0ಯಿಂದ ಕೋಲ್ಕತ್ತಾದ ಮೋಹನ್ ಬಾಗಾನನ್ನು ಸೋಲಿಸಿತು. ನಾನಿರುವುದು ಕೋಲ್ಕತ್ತಾದಲ್ಲಿ, ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿ. ಕೆಳಗೆ ಮಾಲೀಕರು. ಅವರ ಅಜ್ಜನ ಕಾಲದಿಂದ ಅದು ಬಾಗಾನ್ ಮನೆ. ನಾನು ಹನುಮಂತನಗರದವನು, ಸಾಲದ್ದಕ್ಕೆ ಬಾಡಿಗೆದಾರ. ಕುಣಿಯುವ ಹಾಗಿಲ್ಲ, ಕೂಗುವ ಹಾಗಿಲ್ಲ. ಬಾಯಿಗೆ ಟವೆಲ್ ಒತ್ತಿಕೊಂಡೇ ಮ್ಯಾಚ್ ನೋಡಿ ಮುಗಿಸಿದೆ.

ಬೆಳಗಾಗುತ್ತಿದ್ದಂತೆ ಬೆಂಗಳೂರಿನಿಂದ ತಮ್ಮನ ಫೋನು. ‘ನೋಡಿದ್ಯಾ ಅಣ್ಣಾ? ಚೆಟ್ರಿ ರೆಕಾರ್ಡು!’ ನಿಜವೇ. ಆ ಪಂದ್ಯದಲ್ಲಿ ಹೊಡೆದ ಪೆನಾಲ್ಟಿ ಐಎಸ್‌ಎಲ್‌ನಲ್ಲಿ ಸುನಿಲ್ ಚೆಟ್ರಿಯವರ 64ನೇ ಗೋಲು. ಓಗ್ಬೆಚೆಯ 63ನ್ನು ದಾಟಿ ಈಗ ಅವರೇ ಎಲ್ಲರಿಗಿಂತ ಮುಂದೆ. ‘ಸರಿ, ಆಟ ಹೇಗಿತ್ತು?’ ಅಂದೆ. ‘ಅದೇ ಹೇಳಿದ್ನಲ್ಲ, ಸೂಪರ್.’ ಅಲ್ಲಿಗೆ ಮಾತು ಮುಗಿಯಿತು. ಅಮ್ಮನ ಮಂಡಿ ನೋವಿನ ವಿಷಯಕ್ಕೆ ಹೋದೆವು.

ಹತ್ತು ಗಂಟೆ ಹೊತ್ತಿಗೆ ಮಾಲೀಕರು ಮೀನಿನ ಚೀಲ ಹಿಡಿದು ಬಂದರು. ಮೆಟ್ಟಿಲ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದರು. ಬಾಡಿಗೆ ಜಾಸ್ತಿ ಮಾಡುತ್ತಾರೇನೋ ಅಂದುಕೊಂಡೆ. ಮಾಡಲಿಲ್ಲ. ಮುಕ್ಕಾಲು ಗಂಟೆ ನಿಂತಲ್ಲೇ ಮಾತಾಡಿದರು, ಚೀಲದಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ‘ನಿಮ್ಮ ಸುರೇಶ್ ನಮ್ಮ ಹುಡುಗರಿಗೆ ತಿರುಗುವುದಕ್ಕೇ ಬಿಡಲಿಲ್ಲ. ಚೆಂಡು ಸಿಕ್ಕಿದ ತಕ್ಷಣ ಬೆನ್ನ ಹಿಂದೆ ಅವನೇ. ನಾವು ಹಿಂದಕ್ಕೆ ಪಾಸ್ ಮಾಡಿದ್ದೇ ಮಾಡಿದ್ದು.’ ಚೆಟ್ರಿಯ ಹೆಸರನ್ನು ಒಂದು ಸಲವೂ ಎತ್ತಲಿಲ್ಲ. ತಮ್ಮ ತಂಡದ ಹನ್ನೊಂದು ಜನರನ್ನೂ ಒಬ್ಬೊಬ್ಬರನ್ನಾಗಿ ಬೈದು, ಕೊನೆಗೆ ಕೋಚ್ ಮೊಲಿನಾ ಹತ್ತಿರ ಬಂದರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಕೂಗಿದ್ದರಿಂದ ಮೊಲಿನಾ ಬಚಾವಾದರು.

ಸುರೇಶ್ ಸಿಂಗ್ ವಾಂಗ್ಜಮ್ ಆ ದಿನ ಗೋಲು ಕೂಡ ಹೊಡೆದಿದ್ದ. ನನಗೂ ಅವನ ಗೋಲು ಮಾತ್ರ ನೆನಪಿತ್ತು. ಅವತ್ತು ಸಂಜೆ ಮ್ಯಾಚನ್ನು ಇನ್ನೊಮ್ಮೆ ಹಾಕಿಕೊಂಡು, ಚೆಂಡು ಬಿಟ್ಟು ಸುರೇಶನನ್ನೇ ನೋಡಿದೆ. ಮಾಲೀಕರು ಹೇಳಿದ್ದು ಅಕ್ಷರಶಃ ಸರಿ. 2017ರಲ್ಲಿ ನಮ್ಮ ದೇಶದಲ್ಲೇ ನಡೆದ 17ರೊಳಗಿನವರ ವಿಶ್ವಕಪ್‌ನಲ್ಲಿ ಆಡಿದ ಮಣಿಪುರದ ಹುಡುಗ ಇವನು. ಇಷ್ಟು ವರ್ಷದಿಂದ ನಮ್ಮ ನೀಲಿ ಅಂಗಿ ಹಾಕಿದ್ದಾನೆ. ಅವನನ್ನು ನೋಡುವುದು ಹೇಗೆ ಅಂತ ನನಗೆ ಕಲಿಸಿದ್ದು ಎದುರು ತಂಡದ ಒಬ್ಬ ಮುದುಕರು. ಸ್ವಲ್ಪ ನಾಚಿಕೆಯಾಯಿತು.

ಇದನ್ನು ಬರೆಯುತ್ತಿರುವುದು 2024ರ ನವೆಂಬರ್ 22ಕ್ಕೆ. ರಾಷ್ಟ್ರೀಯ ತಂಡದ ಪಂದ್ಯಕ್ಕಾಗಿ ಲೀಗ್‌ಗೆ ರಜೆ ಇತ್ತು. ಬೆಂಗಳೂರು ಎಂಟು ಪಂದ್ಯ ಆಡಿದೆ. ಐದು ಗೆಲುವು, ಎರಡು ಡ್ರಾ, ಒಂದು ಸೋಲು, 17 ಪಾಯಿಂಟು, ಪಟ್ಟಿಯಲ್ಲಿ ಮೊದಲ ಸ್ಥಾನ. ಹೋದ ಸೀಸನ್‌ನಲ್ಲಿ ಇದೇ ತಂಡ 22 ಪಂದ್ಯ ಆಡಿ 22 ಪಾಯಿಂಟು ತಂದಿತ್ತು, 12 ತಂಡಗಳಲ್ಲಿ ಹತ್ತನೆಯದಾಗಿ ಮುಗಿಸಿತ್ತು. ಹಾಗಾಗಿ ತಮ್ಮನ ಖುಷಿ ಸುಳ್ಳಲ್ಲ. ನನ್ನ ತಕರಾರು ಆ ಖುಷಿ ಎಲ್ಲಿ ನಿಂತುಬಿಡುತ್ತದೆ ಅನ್ನುವುದರ ಬಗ್ಗೆ.

ಬೆಂಗಳೂರಿನಲ್ಲಿ ನಾವು ಗೋಲು ನೋಡುತ್ತೇವೆ. ಗೋಲಿಗೆ ಮುಂಚಿನದು ನಮಗೆ ಟ್ರೈಲರ್ ಇದ್ದ ಹಾಗೆ. ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗದ ಹುಡುಗರನ್ನು ಈ ಮಾತಿನಿಂದ ಹೊರಗಿಡುತ್ತೇನೆ, ಅವರು ಮಳೆ ಬರಲಿ ಸೋಲೇ ಬರಲಿ ತೊಂಬತ್ತು ನಿಮಿಷ ನಿಂತೇ ಹಾಡುವವರು. ಉಳಿದವರಿಗೆ ಮನಸ್ಸಿನ ತುಂಬಾ ಟ್ರಾಫಿಕ್. ಹೈದರಾಬಾದ್ ವಿರುದ್ಧದ ಮ್ಯಾಚಿಗೆ ತಮ್ಮ ಹೋಗಿದ್ದ. ಭೇಕೆ ಹೊಡೆದ ಗೋಲಿನಿಂದ 1-0 ಇತ್ತು. ‘ಕಸ್ತೂರಬಾ ರಸ್ತೆ ಜಾಮ್ ಆಗುತ್ತೆ’ ಅಂತ 80ನೇ ನಿಮಿಷಕ್ಕೇ ಎದ್ದ. 85ನೇ ನಿಮಿಷಕ್ಕೆ ಚೆಟ್ರಿ ಪೆನಾಲ್ಟಿ, ಇಂಜುರಿ ಟೈಮ್‌ನಲ್ಲಿ ಇನ್ನೊಂದು. ಎರಡನ್ನೂ ಅವನು ಗಾಡಿ ತೆಗೆಯುತ್ತಾ ಕಿವಿಯಲ್ಲೇ ಕೇಳಿಸಿಕೊಂಡ. ಗೋಲು ನೋಡುವವರಿಗೆ ಗೋಲೂ ಸಿಗಲಿಲ್ಲ!

ಆ ಪಂದ್ಯದಲ್ಲಿ ಚೆಟ್ರಿ ಬಂದಿದ್ದು ಸಬ್ ಆಗಿ. ಅವರಿಗೆ ಈಗ 40. ಜೂನ್‌ನಲ್ಲಿ ಇದೇ ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಕುವೈತ್ ವಿರುದ್ಧ ಆಡಿ ದೇಶದ ಅಂಗಿ ಬಿಚ್ಚಿಟ್ಟರು. ಆ ರಾತ್ರಿ ಬಾಗಾನ್ ಕಡೆಯವರು, ಅವರ ಎದುರಾಳಿ ಈಸ್ಟ್ ಬೆಂಗಾಲ್ ಕಡೆಯವರು ಅನ್ನದೆ ಎಲ್ಲರ ಕಣ್ಣಲ್ಲೂ ನೀರು. ಅವರು ಇನ್ನೂ ಗೋಲು ಹೊಡೆಯುತ್ತಿರುವುದು ದೊಡ್ಡ ಮಾತೇ. ಆದರೆ ಕೊನೆಯ ಅರ್ಧ ಗಂಟೆಗೆ ಮಾತ್ರ ಅವರನ್ನು ಇಳಿಸುವಷ್ಟು ಧೈರ್ಯ ಕೋಚ್‌ಗೆ ಎಲ್ಲಿಂದ ಬಂತು? ಮುಂದೆ ಅವರಿಲ್ಲದೆಯೂ ಗೋಲು ಬರುತ್ತಿದೆ, ಹಿಂದೆ ಬಾಗಿಲು ಭದ್ರವಾಗಿದೆ. ಮೊದಲ ಆರು ಪಂದ್ಯಗಳಲ್ಲಿ ಬಂದ 11 ಗೋಲನ್ನು ಏಳು ಜನ ಹಂಚಿಕೊಂಡಿದ್ದಾರೆ. ಒಬ್ಬರ ಹೆಗಲ ಮೇಲೆ ಇಡೀ ಮನೆ ನಿಂತಿದ್ದ ಕಾಲ ಅಲ್ಲ ಇದು.

ಬಾಗಿಲಿನ ವಿಷಯಕ್ಕೇ ಬರುತ್ತೇನೆ. ಈ ಸೀಸನ್‌ನ ನಿಜವಾದ ಕತೆ ಅದೇ ಅನ್ನುವುದು ನನ್ನ ಅನಿಸಿಕೆ. ಈಸ್ಟ್ ಬೆಂಗಾಲ್, ಹೈದರಾಬಾದ್, ಬಾಗಾನ್, ಮುಂಬೈ, ಪಂಜಾಬ್. ಐದು ಪಂದ್ಯ, ಒಂದೂ ಗೋಲು ಬಿಟ್ಟುಕೊಟ್ಟಿಲ್ಲ. ಗೋಲಿನಲ್ಲಿ ಗುರ್‌ಪ್ರೀತ್. ಅವರ ಮುಂದೆ ರಾಹುಲ್ ಭೇಕೆ. 2019ರ ಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ತಲೆಯಿಂದ ಗೋಲು ಹೊಡೆದು ನಮಗೆ ಕಪ್ ಕೊಡಿಸಿದ ಅದೇ ಭೇಕೆ. ಮುಂಬೈಗೆ ಹೋಗಿ ಈ ವರ್ಷ ವಾಪಸ್ ಬಂದಿದ್ದಾರೆ. ಹೋದ ವರ್ಷ ನಮ್ಮ ಡಿಫೆನ್ಸ್‌ನಲ್ಲಿ ಚೆಂಡು ಬಂದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಈಗ ಒಬ್ಬರು ಕೂಗುತ್ತಾರೆ, ಉಳಿದವರು ಜಾಗಕ್ಕೆ ಹೋಗುತ್ತಾರೆ. ಕೂಗುವುದು ಭೇಕೆ.

ಪಂಜಾಬ್ ವಿರುದ್ಧದ ಮ್ಯಾಚ್ ನೋಡಬೇಕಿತ್ತು ನೀವು. ಅರ್ಧ ಸಮಯಕ್ಕೆ ಸ್ವಲ್ಪ ಮುಂಚೆ ರೋಶನ್ ಸಿಂಗ್ ಗೋಲು. ಆಮೇಲೆ ಚಿಂಗ್ಲೆನ್‌ಸಾನಾಗೆ ಕೆಂಪು ಕಾರ್ಡು, ಹತ್ತೇ ಜನ. ಅಲ್ಲಿಂದ ಮುಂದೆ ಚಂದದ ಆಟ ಏನೂ ಇರಲಿಲ್ಲ. ಚೆಂಡು ಬಂತು, ಒದ್ದರು. ಮತ್ತೆ ಬಂತು, ಮತ್ತೆ ಒದ್ದರು. 1-0 ಉಳಿಯಿತು. ತಮ್ಮ ‘ಬೋರ್ ಮ್ಯಾಚ್’ ಅಂದ. ಮಾಲೀಕರು ‘ಇವತ್ತು ನಿಮ್ಮದು ತಂಡ ಆಯಿತು’ ಅಂದರು. ಮೋಹನ್ ಬಾಗಾನ್‌ನವರ ಬಾಯಲ್ಲಿ ಹೊಗಳಿಕೆ ಬಂದರೆ ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಎದ್ದು ಕಾಣುವ ಇನ್ನೊಬ್ಬ ವಿನಿತ್ ವೆಂಕಟೇಶ್. 19 ವರ್ಷ, ನಮ್ಮ ಕ್ಲಬ್‌ನ ಹುಡುಗರ ತಂಡದಿಂದಲೇ ಮೇಲೆ ಬಂದವನು. ಇವನನ್ನು ನಾನು ಟಿವಿಗಿಂತ ಮುಂಚೆ ಕಣ್ಣಾರೆ ಕಂಡೆ. ಆಗಸ್ಟ್ 27, ಸಾಲ್ಟ್ ಲೇಕ್, ಡುರಾಂಡ್ ಕಪ್ ಸೆಮಿಫೈನಲ್, ಎದುರಿಗೆ ಬಾಗಾನ್. ಚೆಟ್ರಿ ಒಂದು ಹೊಡೆದರು, ಅರ್ಧ ಸಮಯದ ನಂತರ ಇವನು ಎರಡನೆಯದು. ಸುತ್ತ ಹಸಿರು-ಮೆರೂನ್ ಸಮುದ್ರ, ನಡುವೆ ಹನುಮಂತನಗರದ ಒಂದು ಜೀವ ಒಳಗೊಳಗೇ ನಗುತ್ತಾ ಕೂತಿತ್ತು. ಆಮೇಲೆ ಏನಾಯಿತು ಅಂತ ಗೊತ್ತಲ್ಲ. 2-0 ಇದ್ದದ್ದು 2-2 ಆಯಿತು, ಪೆನಾಲ್ಟಿಯಲ್ಲಿ ಸೋತೆವು. ಪಕ್ಕದಲ್ಲಿದ್ದ ಅಪರಿಚಿತ ನನ್ನ ಬೆನ್ನು ತಟ್ಟಿ ಕಡಲೆಕಾಯಿ ಕೊಟ್ಟ. ಯಾರೂ ಏನೂ ಕೇಳದೆಯೇ ಅವನಿಗೆ ಗೊತ್ತಾಗಿತ್ತು.

ಸೆಪ್ಟೆಂಬರ್ 14ಕ್ಕೆ ಲೀಗ್‌ನ ನಮ್ಮ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 25ನೇ ನಿಮಿಷಕ್ಕೆ ಗೋಲು ಹೊಡೆದವನೂ ವಿನಿತನೇ. ಹುಡುಗ ಚೆಂಡು ಸಿಕ್ಕರೆ ಹೆದರುವುದಿಲ್ಲ, ಎದುರಿನವನ ಮೇಲೇ ಓಡುತ್ತಾನೆ. ಕಳೆದುಕೊಳ್ಳುತ್ತಾನೆ ಕೂಡ. ಕಳೆದುಕೊಳ್ಳಲಿ ಬಿಡಿ, ಈ ವಯಸ್ಸಿನಲ್ಲಿ ಅದಕ್ಕೆ ಬೈಯಬಾರದು. ಮುಂದಿನ ಸಾಲಿನಲ್ಲಿ ಎಡ್ಗರ್ ಮೆಂಡೆಜ್ ಚೆನ್ನಾಗಿದ್ದಾರೆ. ಕೊಚ್ಚಿಯಲ್ಲಿ ಎರಡು ಗೋಲು ಅವರದೇ. ಹೊರ್ಹೆ ಪೆರೇರಾ ಡಿಯಾಸ್ ಅದೇ ಪಂದ್ಯದಲ್ಲಿ ತಮ್ಮ ಹಳೇ ತಂಡ ಕೇರಳ ಬ್ಲಾಸ್ಟರ್ಸ್ ಮೇಲೇ ಮೊದಲ ಗೋಲು ಹೊಡೆದರು. 3-1. ಕೇರಳದ ಮೇಲೆ ಗೆದ್ದರೆ ವಿಶ್ಲೇಷಣೆ ಬೇಡ, ಹೋಳಿಗೆ ಸಾಕು. ಈ ಒಂದು ವಿಷಯದಲ್ಲಿ ನಾನು ಪೂರ್ತಿ ಬೆಂಗಳೂರಿನವನು.

ನವೆಂಬರ್ 2, ಫತೋರ್ಡಾ. ಗೋವಾ 3, ಬೆಂಗಳೂರು 0. ತಮ್ಮನ ಮಾತು: ‘ಪರ್ವಾಗಿಲ್ಲ ಬಿಡಣ್ಣ, ಒಂದು ಮ್ಯಾಚ್ ತಾನೇ.’ ಇದು ನಮ್ಮೂರಿನ ಗುಣ. ಗೆದ್ದಾಗ ಸೂಪರ್, ಸೋತಾಗ ಪರ್ವಾಗಿಲ್ಲ, ನಡುವೆ ಏನೂ ಇಲ್ಲ. ಮುಂದಿನ ವಾರ ಕಂಠೀರವದಲ್ಲೇ ನಾರ್ತ್‌ಈಸ್ಟ್ ಜೊತೆ 2-2. ಅದಕ್ಕೂ ಪರ್ವಾಗಿಲ್ಲ. ನನಗೆ ಮಾತ್ರ ಗೋವಾದಲ್ಲಿ ಕಂಡದ್ದು ಆಗಸ್ಟ್‌ನಲ್ಲಿ ಸಾಲ್ಟ್ ಲೇಕ್‌ನಲ್ಲಿ ಕಂಡದ್ದೇ. ಈ ತಂಡಕ್ಕೆ ಒಂದು ಗೋಲು ಬಿದ್ದರೆ ಮುಂದಿನ ಹತ್ತಿಪ್ಪತ್ತು ನಿಮಿಷ ಕಾಲು ನೆಲದ ಮೇಲೆ ಇರುವುದಿಲ್ಲ. ಅಂಚಿನಲ್ಲಿ ಆಡುವವರು ಗೋಲು ತೀರಿಸಲು ಮೇಲೆ ಓಡುತ್ತಾರೆ, ಹಿಂದೆ ಬಯಲು. ಕೊಚ್ಚಿಯಲ್ಲಿ ಪೆನಾಲ್ಟಿ ಬಿದ್ದ ಮೇಲೂ ತಡೆದುಕೊಂಡರು ಅನ್ನುವುದು ನಿಜ. ಆದರೆ ಆ ದಿನ ಎದುರಿನವರ ತಪ್ಪುಗಳೂ ಕೈ ಹಿಡಿದವು. ಗುರ್‌ಪ್ರೀತ್ ಬಗ್ಗೆಯೂ ಒಂದು ಮಾತು. ಮೊನ್ನೆ 18ಕ್ಕೆ ಹೈದರಾಬಾದ್‌ನಲ್ಲಿ ಮಲೇಷ್ಯಾ ವಿರುದ್ಧ ಗೋಲ್‌ಪೋಸ್ಟ್ ಬಿಟ್ಟು ಸುಮ್ನೆ ಮುಂದೆ ಓಡಿ ಬಂದು ಗೋಲು ಕೊಟ್ಟರು. ಅದನ್ನು ತೀರಿಸಿ 1-1 ಮಾಡಿದ್ದು ಯಾರು ಹೇಳಿ? ಭೇಕೆ, ತಲೆಯಿಂದ.

ಕೋಲ್ಕತ್ತಾದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಈ ಊರಿನ ಬೈಗುಳಕ್ಕೆ ಬೆಲೆಯೂ ಇದೆ. ನಮ್ಮ ವಿರುದ್ಧ ಮೊದಲ ಪಂದ್ಯ ಆಡಿದಾಗ ಈಸ್ಟ್ ಬೆಂಗಾಲ್ ಕೋಚ್ ಆಗಿದ್ದವರು ಕಾರ್ಲೆಸ್ ಕ್ವಾಡ್ರಾಟ್, 2019ರಲ್ಲಿ ನಮಗೆ ಕಪ್ ತಂದವರು. ಆಗ ಅವರ ಸಹಾಯಕರಾಗಿದ್ದ ಜೆರಾರ್ಡ್ ಸರಗೋಸಾ ಈಗ ನಮ್ಮ ಕೋಚ್. ಶಿಷ್ಯ ಗೆದ್ದ, ಗುರು ಸೋತರು. ಲೀಗ್‌ನಲ್ಲಿ ಮೊದಲ ಮೂರು ಪಂದ್ಯ ಸೋಲುವ ಹೊತ್ತಿಗೆ ಕ್ವಾಡ್ರಾಟ್ ಜಾಗ ಖಾಲಿ ಮಾಡಬೇಕಾಯಿತು. ಮೂರೇ ಪಂದ್ಯ! ಸರಗೋಸಾಗೆ ಹತ್ತನೇ ಸ್ಥಾನದ ನಂತರವೂ ಇನ್ನೊಂದು ಸೀಸನ್ ಸಿಕ್ಕಿತು. ಆ ತಾಳ್ಮೆಯ ಫಲವೇ ಈ 17. ಹಾಗಂತ ನಾವೇನು ಸಾಧುಗಳಲ್ಲ, ಇದೇ ಕ್ವಾಡ್ರಾಟ್‌ರನ್ನು 2021ರಲ್ಲಿ ಸೀಸನ್ ನಡುವೆಯೇ ಕಳಿಸಿದ್ದೂ ನಮ್ಮ ಕ್ಲಬ್ಬೇ.

ಆದರೂ ಈ ಊರಿಗೆ ನೆನಪಿದೆ. ನಮ್ಮ ಬೀದಿ ಮೂಲೆಯ ಚಹಾ ಅಂಗಡಿಗೆ ಬರುವ ಒಬ್ಬ ಅಜ್ಜ ಈಸ್ಟ್ ಬೆಂಗಾಲ್ ಕಡೆಯವರು. ನಾನು ಬೆಂಗಳೂರಿನವನು ಅಂದ ತಕ್ಷಣ ಎದ್ದು ಕೈ ಹಿಡಿದುಕೊಂಡರು. ‘ಅಹಮದ್ ಖಾನ್ ಊರು!’ ನನಗೆ ಯಾರು ಅಂತಲೇ ಗೊತ್ತಿರಲಿಲ್ಲ. 1948ರ ಲಂಡನ್, 1952ರ ಹೆಲ್ಸಿಂಕಿ, ಎರಡು ಒಲಿಂಪಿಕ್ಸ್ ಆಡಿದ ಬೆಂಗಳೂರಿನ ಆಟಗಾರ. ಈಸ್ಟ್ ಬೆಂಗಾಲ್‌ನಲ್ಲಿ ‘ಪಂಚಪಾಂಡವರು’ ಅಂತ ಹೆಸರಾದ ಐದು ಜನ ಫಾರ್ವರ್ಡ್‌ಗಳಲ್ಲಿ ಒಬ್ಬರು. ಮಾಲೀಕರನ್ನು ಕೇಳಿದರೆ ಅವರ ಬಳಿ ಬೇರೆ ಹೆಸರಿತ್ತು: ಬಾಗಾನ್‌ಗೆ ಆಡಿದ ಕೆಂಪಯ್ಯ, ಅರುಮೈನಾಯಗಂ. ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದ ವರ್ಷಗಳೂ ಇವರಿಗೆ ಬಾಯಿಪಾಠ. ನಾವು ನೋಡಿದರೆ ಬೆಂಗಳೂರಿನ ಫುಟ್‌ಬಾಲ್ 2013ರಲ್ಲಿ ಬಿಎಫ್‌ಸಿ ಹುಟ್ಟಿದ ದಿನ ಶುರುವಾಯಿತು ಅನ್ನುವ ಹಾಗೆ ಮಾತಾಡುತ್ತೇವೆ. ಆಸ್ಟಿನ್ ಟೌನ್, ಗೌತಮಪುರದ ಮೈದಾನಗಳಲ್ಲಿ ಬರಿಗಾಲಲ್ಲಿ ಆಡಿದವರ ಮೊಮ್ಮಕ್ಕಳು ಇದನ್ನು ಕೇಳಿ ನಗುತ್ತಿರಬಹುದು. ಹನುಮಂತನಗರದಲ್ಲಿ ನಮಗೆ ಕ್ರಿಕೆಟ್ ಬಿಟ್ಟರೆ ಇನ್ನೊಂದು ಆಟ ಇದೆ ಅಂತಲೇ ಯಾರೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿ ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು, ಬಾಗಾನ್ ಗೆದ್ದರೆ ಸೀಗಡಿ. ನಾನು ಎರಡನ್ನೂ ತಿನ್ನದವನು. ಬಿಎಫ್‌ಸಿ ಗೆದ್ದ ಮಾರನೇ ದಿನ ಮನೆಯಲ್ಲಿ ಬಿಸಿಬೇಳೆಬಾತ್ ಮಾಡಿ ಕೆಳಗೆ ಒಂದು ಡಬ್ಬಿ ಕೊಟ್ಟು ಬರುವ ಪದ್ಧತಿ ಶುರು ಮಾಡಿದ್ದೇನೆ. ಸೆಪ್ಟೆಂಬರ್ 29ರದ್ದು ಮಾತ್ರ ಡಬ್ಬಿ ತೊಳೆಯದೆ ವಾಪಸ್ ಬಂತು.

27ಕ್ಕೆ ನಮ್ಮ ಮುಂದಿನ ಮ್ಯಾಚು ಇಲ್ಲೇ, ಕಿಶೋರ್ ಭಾರತಿ ಸ್ಟೇಡಿಯಂನಲ್ಲಿ, ಈ ವರ್ಷ ಐಎಸ್‌ಎಲ್‌ಗೆ ಬಂದ ಮೊಹಮ್ಮಡನ್ ವಿರುದ್ಧ. ಎರಡು ಟಿಕೆಟ್ ತೆಗೆದುಕೊಂಡಿದ್ದೇನೆ. ಒಂದು ಮಾಲೀಕರಿಗೆ. ಬಾಗಾನ್ ನಮಗಿಂತ ಒಂದು ಪಂದ್ಯ ಕಡಿಮೆ ಆಡಿ 14ರಲ್ಲಿದೆ, ಹಾಗಾಗಿ ಅವರು ಬರುತ್ತಿರುವುದು ನಾವು ಸೋಲುವುದನ್ನು ನೋಡಲು. ಅದನ್ನು ಮುಚ್ಚಿಡಲೂ ಇಲ್ಲ. ‘ಆದರೆ ಸುರೇಶ್ ಆಡುತ್ತಾನೆ ತಾನೇ?’ ಅಂತ ಮಾತ್ರ ಎರಡು ಸಲ ಕೇಳಿದರು.