ಕೊನೆ ಗಳಿಗೆಯ ಲಾಟರಿ ಟಿಕೆಟ್‌ಗೆ ಪಾಲುದಾರರು ಕಮ್ಮಿಯೇ?

'ಮಾರಾಟ ಮುಗಿಯುವ ಹೊತ್ತಿಗೆ ಟಿಕೆಟ್ ಕೊಂಡರೆ ಜಾಕ್‌ಪಾಟ್ ಹಂಚಿಕೊಳ್ಳಬೇಕಿಲ್ಲ' ಎಂಬ ಸಂದೇಶ ಕಲಬುರಗಿ, ಬೀದರ್ ಕಡೆ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಸುಳ್ಳು.

ಅಮೆರಿಕದ ಪವರ್‌ಬಾಲ್ ಲಾಟರಿಯಲ್ಲಿ 69ರಲ್ಲಿ 5, ಜೊತೆಗೆ 26ರಲ್ಲಿ 1 ಸಂಖ್ಯೆ ಆರಿಸಬೇಕು; ಒಟ್ಟು 29,22,01,338 ಜೋಡಣೆಗಳು. ಗೆದ್ದ ಜೋಡಣೆ ಎಷ್ಟು ಟಿಕೆಟ್‌ಗಳಲ್ಲಿದೆಯೋ ಅಷ್ಟು ಪಾಲು. ಕೊಂಡ ಗಂಟೆ ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ಆರಿಸಿದ ಸಂಖ್ಯೆ: ಹುಟ್ಟಿದ ತಾರೀಖು ಬರೆಯುವವರು ಬಹಳ, ಹಾಗಾಗಿ 31ರೊಳಗಿನ ಸಂಖ್ಯೆಗಳಿಗೆ ಪಾಲುದಾರರು ಹೆಚ್ಚು. 2005ರ ಮಾರ್ಚ್‌ನಲ್ಲಿ ಎರಡನೇ ಬಹುಮಾನ 110 ಮಂದಿಗೆ ಬಂತು. ಬಹುತೇಕರು ನಂಬಿದ್ದು 'ಫಾರ್ಚೂನ್ ಕುಕಿ' ಎಂಬ ಬಿಸ್ಕತ್ತಿನೊಳಗಿನ ಭವಿಷ್ಯದ ಚೀಟಿಯಲ್ಲಿ ಅಚ್ಚಾಗಿದ್ದ ಅವೇ ಸಂಖ್ಯೆಗಳನ್ನು! ಜಾಕ್‌ಪಾಟ್ ಮೊತ್ತ ಉಬ್ಬಿದಾಗ ಮಾರಾಟ ಏರಿ ಹಂಚಿಕೆಯ ಸಾಧ್ಯತೆಯೂ ಏರುತ್ತದೆ.

ಅಂದಹಾಗೆ, ಕರ್ನಾಟಕದಲ್ಲಿ ಲಾಟರಿ 2007ರಿಂದ ಬಂದ್. ವಿದೇಶಿ ಲಾಟರಿಗೆ ಇಲ್ಲಿಂದ ಹಣ ಕಳಿಸುವುದೂ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ನಿಯಮದಡಿ ನಿಷಿದ್ಧ.